ಪೊಟ್ಟಣದ ರುಚಿ

ಫೆಬ್ರವರಿ 9, ಭಾನುವಾರ, ಮಿಲ್ವಾಕಿ

ಈರುಳ್ಳಿ ಹತ್ತು ನಿಮಿಷಕ್ಕೆ ಕಂದುಬಣ್ಣಕ್ಕೆ ಬರುತ್ತದೆ ಎಂದು ಅಡುಗೆ ಪುಸ್ತಕಗಳು ನಲವತ್ತು ವರ್ಷದಿಂದ ಸುಳ್ಳು ಹೇಳುತ್ತಿವೆ. ಒಂದು ಗಂಟೆ ಒಲೆಯ ಮುಂದೆ ನಿಂತು ಬೆಣ್ಣೆಯಲ್ಲಿ ಬಾಡಿಸಿ, ಆರಿಸಿ, ಹುಳಿಕೆನೆಗೆ, ಅಂದರೆ ಸೋರ್ ಕ್ರೀಮ್‌ಗೆ, ಬೆರೆಸಿ ಚಿಪ್ಸ್ ಅದ್ದಿ ತಿನ್ನುವ ಡಿಪ್ ಮಾಡಿದೆ. ಅಮ್ಮ ತೀರಿಕೊಂಡ ಮೇಲೆ ಟಿವಿಯಲ್ಲಿ ಫುಟ್‌ಬಾಲ್ ಫೈನಲ್ ನೋಡಲು ಮನೆಯವರೆಲ್ಲ ಸೇರಿದ್ದು ಇದೇ ಮೊದಲು.

ತಮ್ಮ ಗಾರ್ತ್ ಚಿಪ್ಸ್ ಅದ್ದಿ ತಿಂದು ಮುಖ ಕಿವುಚಿದ. "ಅಕ್ಕಾ, ಇದೇನು ಜಾಮ್ ಮಾಡಿದೀಯಾ? ಅಮ್ಮನ ಡಿಪ್ ಎಲ್ಲಿ?"

"ಅಮ್ಮ ಕಲಸ್ತಿದ್ದಿದ್ದು ಅಂಗಡಿ ಈರುಳ್ಳಿ ಸೂಪಿನ ಪುಡಿ ಕಣೋ!"

"ನಂಗೆ ಅದೇ ಬೇಕು."

ಆಟದ ವಿರಾಮದಲ್ಲಿ ಓಡಿಹೋಗಿ ಪೊಟ್ಟಣ ತಂದು ಕಲಸಿಯೇಬಿಟ್ಟ. ಆ ಬಟ್ಟಲು ನೆಕ್ಕಿದಂತೆ ಖಾಲಿಯಾಯಿತು. ನನ್ನದು ಹಾಗೇ ಉಳಿದಿದೆ.

ಯಾವುದೋ ಕಾರ್ಖಾನೆಯ ಉಪ್ಪನ್ನು ಅಮ್ಮನ ಕೈರುಚಿ ಎಂದು ನಂಬಿದ್ದೀರಲ್ಲ ಎಂದು ಬೈಯಬೇಕೆಂದಿದ್ದೆ. ಆದರೆ ಅದು ಖಾಲಿಯಾಗುವ ಮೊದಲು ಒಂದು ಚಿಪ್ಸ್ ಅದ್ದಿ ಬಾಯಿಗಿಡುತ್ತಲೇ ನನಗೂ ಅಳು ಬಂತು. ಆ ಪುಡಿಯಲ್ಲಿ ನನಗೂ ಅಮ್ಮನೇ ಸಿಕ್ಕಳಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ.