ನನ್ನ ಹೆಸರಿನಲ್ಲಿ ನೀವು ಹಾಕಿದ ಬೀಗ

ಪರವಾನಗಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರವುಳ್ಳ ಜಿಲ್ಲೆಯ ಮಾನ್ಯರೇ,

ಅಕ್ಕೂರಿನಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ರಾಕೆಟ್ ಎಂಜಿನ್ ಪರೀಕ್ಷೆ ಮಾಡುತ್ತಿದ್ದ ಕಂಪನಿಗೆ ಕಳೆದ ತಿಂಗಳು ತಾವು ಬೀಗ ಜಡಿಸಿದಿರಿ. 'ಅನಂತರಾಜು ಎಂಬ ನೊಂದ ರೈತರ ದೂರಿನ ಮೇರೆಗೆ' ಎಂದು ಆದೇಶದ ಮೊದಲ ಸಾಲಿನಲ್ಲೇ ಕಾರಣ ಕೊಟ್ಟಿದ್ದೀರಿ. ಆ ಅನಂತರಾಜು ನಾನೇ. ದೂರು ಕೊಟ್ಟಿದ್ದು ನಿಜ. ಬೀಗ ಕೇಳಿರಲಿಲ್ಲ. ದೂರು ಹೋದ ವರ್ಷದ್ದು, ಅದರಲ್ಲಿದ್ದ ತೊಂದರೆ ಅದೇ ವಾರ ನಮ್ಮನಮ್ಮಲ್ಲೇ ಬಗೆಹರಿಯಿತು. ಬಗೆಹರಿದ ತೊಂದರೆಗೆ ವರ್ಷ ಕಳೆದ ಮೇಲೆ ಪರಿಹಾರ ಒದಗಿಸಿದ ತಮಗೆ ವಂದನೆ ಹೇಳುವುದು ಹೇಗೆಂದು ತಿಳಿಯದೆ, ಎಲ್ಲರೂ ಓದಲೆಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ರೇಷ್ಮೆ ಸಾಕುವವನು. ಬಿ.ಎ. ಓದಿದ್ದರಿಂದ ಊರಿನ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಹುಟ್ಟುತ್ತವೆ. ನಿಂತುಹೋದ ಬಸ್ಸಿಗೆ ಬರೆದೆ. ಬಿರುಕು ಬಿಟ್ಟ ನೀರಿನ ಟ್ಯಾಂಕಿಗೆ ಬರೆದೆ. ಊರಿನ ಇನ್ನೊಂದು ಮಗ್ಗುಲಲ್ಲಿ ದಿನಾ ಡೈನಮೈಟ್ ಸಿಡಿಸುವ ಕ್ವಾರಿಯ ಮೇಲಂತೂ ಎಷ್ಟು ಸಲ ಬರೆದೆನೋ ನೆನಪಿಲ್ಲ. ಎಲ್ಲಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ. ಸರ್ಕಾರ ಇಷ್ಟು ದೀರ್ಘವಾಗಿ ಪರಿಶೀಲಿಸುತ್ತಿದೆಯೆಂದರೆ ಊರಿನ ಮೇಲೆ ಅದಕ್ಕೆ ಬಹಳ ಪ್ರೀತಿ ಇರಬೇಕು ಎಂದು ನಾವು ಮಾತಾಡಿಕೊಳ್ಳುತ್ತೇವೆ. ನನ್ನ ಜನ್ಮದಲ್ಲಿ ಸರ್ಕಾರ ಕ್ರಮ ಕೈಗೊಂಡ ಅರ್ಜಿ ಒಂದೇ ಒಂದು. ಅಷ್ಟು ಹೊತ್ತಿಗೆ ನನಗೇ ಬೇಡವಾಗಿದ್ದ ಅರ್ಜಿ ಅದು.

ತಾವು ಬೀಗ ಹಾಕಿದ್ದು ಯಾರಿಗೆ ಎಂಬುದು ಆದೇಶದಲ್ಲಿಲ್ಲ. 'ಸದರಿ ಸಂಸ್ಥೆ' ಎಂದಷ್ಟೇ ಇದೆ. ಸದರಿ ಸಂಸ್ಥೆಯನ್ನು ಕಟ್ಟಿದವರ ಹೆಸರು ಚೈತ್ರಾ. ರಾಮನಗರದವರು. ತಾಯಿ ಚಿನ್ನಮ್ಮ ಅಲ್ಲಿನ ಒಂದು ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ, ಬಿಸಿನೀರಿಗೆ ಕೈಹಾಕಿ ಗೂಡಿನಿಂದ ನೂಲು ತೆಗೆಯುತ್ತಿದ್ದರು. ತಂದೆ ಮುನಿಶಾಮಯ್ಯ ಅದೇ ಫಿಲೇಚರಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿ ಬಾಯ್ಲರ್ ಪಕ್ಕವೇ ಕೂತು ಓದುತ್ತಿದ್ದಳಂತೆ. ಹಬೆ ಯಾವಾಗ ಜೋರಾಗುತ್ತದೆ, ವಾಲ್ವ್ ಯಾವಾಗ ತೆರೆಯಬೇಕು ಎಂದು ಅಪ್ಪನನ್ನು ಕೇಳಿ ಕೇಳಿ ತಲೆ ತಿನ್ನುತ್ತಿದ್ದಳಂತೆ. ಮುಂದೆ ಎಂಜಿನಿಯರಿಂಗ್ ಮುಗಿಸಿ ದೇಶದ ಬಾಹ್ಯಾಕಾಶ ಸಂಸ್ಥೆ ಸೇರಿದರು. ಅಲ್ಲಿ ಬಹಳ ಕಾಲ ಅವರು ಮಾಡಿದ್ದೂ ವಾಲ್ವಿನ ಕೆಲಸವೇ, ರಾಕೆಟ್ಟಿನ ಇಂಧನದ ವಾಲ್ವು.

ಖಾಸಗಿಯವರೂ ರಾಕೆಟ್ ಮಾಡಬಹುದೆಂದು ಸರ್ಕಾರ ಬಾಗಿಲು ತೆರೆದಾಗ ಚೈತ್ರಾ ಅದನ್ನು ನಂಬಿದರು. ಸರ್ಕಾರ ಹೇಳಿದ್ದನ್ನು ನಂಬುವುದು ತಪ್ಪೆಂದು ಅವರಿಗೆ ಆಗ ಯಾರೂ ಹೇಳಲಿಲ್ಲ. ಕೆಲಸ ಬಿಟ್ಟು ಬಂದ ದಿನ ಚಿನ್ನಮ್ಮ ಕೇಳಿದ್ದು ಒಂದೇ ಮಾತು: "ಸರ್ಕಾರಿ ಕೆಲ್ಸ ಬುಟ್ಟು ಪಟಾಕಿ ಮಾಡೀಯೇನವ್ವ?" ಆಮೇಲೆ ಆ ತಾಯಿ ಬಹಳ ದಿನ ಮಗಳನ್ನು ಮಾತಾಡಿಸಲಿಲ್ಲ.

ಜೊತೆಗೆ ನಿಂತವರು ಸುಹೇಲ್. ಆ ಫಿಲೇಚರಿನ ಮಾಲೀಕರ ಮಗ, ಚೈತ್ರಾ ಜೊತೆ ಓದಿದವರು. ಅಷ್ಟು ಹೊತ್ತಿಗೆ ಫಿಲೇಚರ್ ಮುಚ್ಚಿತ್ತು. ಆ ಖಾಲಿ ಶೆಡ್ಡಿನಲ್ಲೇ ಕಂಪನಿ ಶುರುವಾಯಿತು. ಆಮೇಲೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಹಿಡಿದರು, ಪರೀಕ್ಷೆಗೆಂದು ನಮ್ಮೂರ ಪಕ್ಕದ, ಕೆಲಸ ನಿಂತ ಕ್ವಾರಿಯನ್ನು ಗುತ್ತಿಗೆ ಪಡೆದರು. ಮೊದಲ ಎಂಜಿನ್ ಹೊತ್ತಿಸಿದ ಕೂಡಲೇ ಒಡೆದುಹೋಯಿತು. ಬಂಡವಾಳ ಹಾಕಿದ್ದವರು ಫೋನ್ ಎತ್ತುವುದು ಬಿಟ್ಟರು, ಕೆಲಸದವರಲ್ಲಿ ಅರ್ಧ ಜನ ಬೇರೆ ಕಡೆ ಹೋದರು. ಚೈತ್ರಾ ಮತ್ತು ಸುಹೇಲ್ ಕ್ವಾರಿಯಲ್ಲಿ ಬಗ್ಗಿ ಬಗ್ಗಿ ಚೂರುಗಳನ್ನು ಆರಿಸುತ್ತಿದ್ದುದನ್ನು ನಾವು ಮೇಲೆ ನಿಂತು ನೋಡಿದ್ದೇವೆ. ನಮ್ಮ ಕಡೆ ಸತ್ತವರ ಅಸ್ಥಿ ಆರಿಸುವುದೂ ಹಾಗೆಯೇ. ತಪ್ಪು ಎಲ್ಲಿತ್ತೆಂದು ಆ ಚೂರುಗಳಲ್ಲೇ ಹುಡುಕಿ, ಅವರು ಎರಡನೇ ಎಂಜಿನ್ ಕಟ್ಟಿದರು.

ಅದು ಒಡೆಯಲಿಲ್ಲ. ಚೆನ್ನಾಗಿಯೇ ಉರಿಯಿತು. ನನ್ನ ಕಷ್ಟ ಶುರುವಾಗಿದ್ದು ಅಲ್ಲಿಂದ. ಆ ದಿನ ನನ್ನ ಹುಳು ಹಣ್ಣಾಗಿ ಚಂದ್ರಿಕೆಗೆ ಬಿದ್ದಿದ್ದವು, ಅಂದರೆ ಬಿದಿರಿನ ತಟ್ಟೆಯ ಮೇಲೆ ಗೂಡು ಕಟ್ಟುತ್ತಿದ್ದವು. ಆಗ ಅವಕ್ಕೆ ಅಲುಗಾಟ ಆಗದು. ಎಂಜಿನ್ ಹೊತ್ತಿದಾಗ ಹುಳುಮನೆಯ ಶೀಟು ಗಡಗಡನೆ ನಡುಗಿತು, ಮೇಲಿನ ಧೂಳೆಲ್ಲ ಚಂದ್ರಿಕೆಯ ಮೇಲೆ ಸುರಿಯಿತು, ಹುಳುಗಳು ಅರ್ಧ ಕಟ್ಟಿದ ಗೂಡು ಬಿಟ್ಟು ಉದುರಿದವು. ಉಳಿದ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದರೆ ವ್ಯಾಪಾರಿಗಳು ರಾಶಿಗೆ ಕೈಹಾಕಿ, ಏನೂ ಹೇಳದೆ ಮುಂದಿನ ರಾಶಿಗೆ ನಡೆದರು. ಬೈದಿದ್ದರೆ ವಾಸಿಯಿತ್ತು. ಅವತ್ತು ಮನೆಗೆ ಬಂದವನೇ ತಮಗೆ ದೂರು ಬರೆದೆ. ಒಂದು ಪ್ರತಿಯನ್ನು ಕ್ವಾರಿಯ ಗೇಟಿನಲ್ಲಿ ಕೊಟ್ಟೆ.

ತಾವು ಬರಲಿಲ್ಲ. ಮಾರನೇ ದಿನ ಚೈತ್ರಾ ಬಂದರು. ವಕೀಲರನ್ನು ಕಳಿಸುತ್ತಾರೆಂದು ನಾನು ನನ್ನ ಮಾತುಗಳನ್ನು ಸಾಣೆ ಹಿಡಿದಿಟ್ಟುಕೊಂಡಿದ್ದೆ, ಅದು ವ್ಯರ್ಥವಾಯಿತು. ಆಕೆ ಚಪ್ಪಲಿ ಬಿಟ್ಟು, ಹುಳುವಿಗೆ ರೋಗ ತಗಲದಂತೆ ಹುಳುಮನೆ ಬಾಗಿಲಲ್ಲಿ ಹರಡಿದ್ದ ಸುಣ್ಣವನ್ನು ಯಾರೂ ಹೇಳದೆಯೇ ತುಳಿದು, ಕೈತೊಳೆದು ಒಳಗೆ ಬಂದರು. ಇದು ರೇಷ್ಮೆ ಗೊತ್ತಿರುವವರ ನಡತೆ ಎಂದು ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಆಗಲೇ ಕಣ್ಣಲ್ಲಿ ಹೇಳಿದಳು. ಚೈತ್ರಾ ಒಂದು ಗೂಡು ಎತ್ತಿ ಬೆರಳಲ್ಲಿ ಒತ್ತಿ ನೋಡಿದರು.

"ಅಣ್ಣ, ಇದು ಬಿಸಿನೀರಿಗೆ ಬಿದ್ರೆ ಎಳೆ ಕಿತ್ಕೊಂಡು ಹೋಯ್ತದೆ. ನಮ್ಮವ್ವ ಇಂಥ ಗೂಡು ಬಂದ ದಿನ ಅಳ್ತಿದ್ಲು," ಎಂದರು. "ತಪ್ಪು ನಮ್ದೇ. ನಿಮ್ ಹುಳ ಯಾವಾಗ ಏನ್ಮಾಡ್ತವೆ ಅಂತ ನಂಗೆ ಗೊತ್ತಿತ್ತು. ಕೇಳ್ಬೇಕಿತ್ತು, ಕೇಳ್ನಿಲ್ಲ."

ನಷ್ಟ ತುಂಬಿಕೊಟ್ಟರು. ಅದಕ್ಕಿಂತ ಮುಖ್ಯವಾಗಿ, ಊರಿನ ಸಾಕಣೆಯವರನ್ನೆಲ್ಲ ಕೂರಿಸಿಕೊಂಡು ಒಂದು ಒಪ್ಪಂದಕ್ಕೆ ಬಂದರು. ಹುಳು ಜ್ವರದಲ್ಲಿದ್ದಾಗ, ಅಂದರೆ ಪೊರೆ ಬಿಡುವಾಗ, ಮತ್ತು ಚಂದ್ರಿಕೆ ಮೇಲಿದ್ದಾಗ ಎಂಜಿನ್ ಹೊತ್ತಿಸುವಂತಿಲ್ಲ. ನಾವು ಎಲ್ಲರೂ ಒಟ್ಟಿಗೇ ಚಾಕಿ ಕಟ್ಟಬೇಕು, ಅಂದರೆ ಮರಿಹುಳುವಿನ ಸಾಕಣೆ ಒಂದೇ ದಿನ ಶುರುಮಾಡಬೇಕು. ಎರಡು ಕಡೆಯವರೂ ಮಾತು ಉಳಿಸಿಕೊಂಡೆವು. ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಾಗಲಿಲ್ಲ, ಬಹುಶಃ ಅದೇ ನಮ್ಮ ಅಪರಾಧ.

ಒಂದು ಸಲ ಆ ಮಾತಿಗೆ ಪರೀಕ್ಷೆ ಬಂತು. ಹೊಸದಾಗಿ ಬಂಡವಾಳ ಹಾಕುವವರು ಮುಂಬೈಯಿಂದ ಎಂಜಿನ್ ನೋಡಲು ಬಂದಿದ್ದರು. ಚಳಿಗೆ ನಮ್ಮ ಹುಳು ಹಣ್ಣಾಗುವುದು ತಡವಾಗಿ, ಸರಿಯಾಗಿ ಅವತ್ತೇ ಗೂಡು ಕಟ್ಟಲು ಹತ್ತಿದ್ದವು. ನಾನೇ ಕ್ವಾರಿಗೆ ಹೋಗಿ, ಇದೊಂದು ಸಲ ಉರಿಸಿಬಿಡಿ, ನಾವು ಹೇಗೋ ಸಹಿಸಿಕೊಳ್ಳುತ್ತೇವೆ ಎಂದೆ. ಸುಹೇಲ್ ಕೂಡ ಚೈತ್ರಾ ಮುಖ ನೋಡಿದರು. ಆಕೆ ಬಂದವರಿಗೆ ವಿಷಯ ವಿವರಿಸಿ, ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಹುಳುವಿಗೋಸ್ಕರವೇ ಎಂದು ಒಬ್ಬರು ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಂಡು ಕಾರು ಹತ್ತಿದರು, ತಿರುಗಿ ಬರಲಿಲ್ಲ. ಉಳಿದವರು ಬಂದರು. ಅವರೆದುರು ಎಂಜಿನ್ ಪೂರ್ತಿ ಅವಧಿ ಉರಿಯಿತು. ಅವತ್ತು ಚಿನ್ನಮ್ಮನೂ ಕ್ವಾರಿಗೆ ಬಂದಿದ್ದರು. ಬೆಂಕಿ ಆರಿದ ಮೇಲೆ ಮಗಳ ಹತ್ತಿರ ಹೋಗಿ, ಸೆರಗಿನಿಂದ ಅವಳ ಮುಖದ ಮಸಿ ಒರೆಸಿ, ಊಟ ಮಾಡಿದ್ದೀಯಾ ಎಂದು ಕೇಳಿದರು.

ಕಡಲ ತೀರದಿಂದ ರಾಕೆಟ್ ಹಾರಿಸಲು ಅವರಿಗೆ ಸರದಿಯೂ ಸಿಕ್ಕಿತು. ಬಾಕಿ ಇದ್ದದ್ದು ಕೊನೆಯ ಪರೀಕ್ಷೆಯೊಂದೇ. ಆಗ ತಮ್ಮ ಜೀಪು ಬಂತು.

ವಿಷಯ ತಿಳಿದ ಕೂಡಲೇ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಎಷ್ಟು ಸಲ ಬಂದರೂ ಅದೇ ಮೀಟಿಂಗಿನಲ್ಲಿದ್ದಿರಿ. ಕಡೆಗೆ ತಮ್ಮ ಸಿಬ್ಬಂದಿಗೆ, ದೂರು ಕೊಟ್ಟವನು ನಾನು, ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅವರು ಕಡತ ತಿರುವಿ ಸಮಾಧಾನವಾಗಿ ಹೇಳಿದರು:

"ಕೊಟ್ಟೋರು ನೀವೇ ಇರ್ಬೌದು ಸ್ವಾಮಿ. ಆದ್ರೆ ಈಗದು ಇಲಾಖೆ ದೂರು."

ಮಾನ್ಯರೇ, ನನ್ನ ದುಃಖವನ್ನು ಇಲಾಖೆ ಯಾವಾಗ ಸ್ವಾಧೀನಪಡಿಸಿಕೊಂಡಿತು? ಭೂಸ್ವಾಧೀನಕ್ಕಾದರೂ ಒಂದು ನೋಟಿಸು ಬರುತ್ತದೆ. ರೈತರ ಹಿತವೇ ತಮ್ಮ ಉದ್ದೇಶವಾಗಿದ್ದರೆ, ಡೈನಮೈಟ್ ಸಿಡಿತಕ್ಕೆ ಉದುರುವ ಹುಳುಗಳು ಬೇರೆ ಜಾತಿಯವೇ? ಆ ಕ್ವಾರಿಯ ಮಾಲೀಕರು ಒಂದು ದಿನವಾದರೂ ನಮ್ಮ ಹುಳುಮನೆಯ ಸುಣ್ಣ ತುಳಿದಿದ್ದಾರೆಯೇ? ಚೈತ್ರಾ ಗುತ್ತಿಗೆ ಹಿಡಿದ ಹಳೇ ಕ್ವಾರಿಯ ಮೇಲೂ ಅವರ ಕಣ್ಣಿದೆ ಎಂದು ಊರಿನಲ್ಲಿ ಮಾತಿದೆ. ಊರಿನ ಮಾತನ್ನು ನಾನು ನಂಬುವುದಿಲ್ಲ. ತಾವು ಬೇರೆ ಕಾರಣ ಹೇಳಿದರೆ ಅದನ್ನೇ ನಂಬಲು ಸಿದ್ಧನಿದ್ದೇನೆ.

ರಾಕೆಟ್ಟಿನ ಸರದಿ ತಪ್ಪಿತು. ಈಗ ಪಕ್ಕದ ರಾಜ್ಯದವರು ಜಾಗ ತೋರಿಸಿ ಕರೆಯುತ್ತಿದ್ದಾರೆ. ಹಾರೋಹಳ್ಳಿ ಶೆಡ್ಡಿಗೆ ಹೋಗಿ ಚೈತ್ರಾರನ್ನು ಕಂಡೆ. ನನ್ನ ಹೆಸರಿನಿಂದ ಹೀಗಾಯಿತಲ್ಲಮ್ಮ ಎಂದೆ. ಆಕೆ ಬೇಸರ ತೋರಿಸಲಿಲ್ಲ, ಕುರ್ಚಿ ಎಳೆದು ಕೂರಿಸಿದರು.

"ನಿಮ್ ದೂರು ಸರಿಯಾಗೇ ಇತ್ತಲ್ಲಣ್ಣ," ಎಂದರು. "ದೀಪಾವಳಿ ಗಂಟ ನೋಡ್ತೀನಿ. ಆಮ್ಯಾಕೆ ಹೊರಡ್ಲೇಬೇಕು. ಹುಡುಗ್ರನ್ನ ಸುಮ್ನೆ ಕೂರ್ಸೋಕಾಗಲ್ಲ."

ಆಕೆ ಹೋದರೆ ನನಗೇನು ನಷ್ಟ ಎಂದು ತಾವು ಕೇಳಬಹುದು. ಗೂಡಿಗೆ ನಷ್ಟವಿಲ್ಲ. ಆದರೆ ನನ್ನ ಮಾತು ಕೇಳಲು ಮನೆಬಾಗಿಲಿಗೆ ಬಂದವರು ಇಷ್ಟು ವರ್ಷದಲ್ಲಿ ಅವರೊಬ್ಬರೇ. ಅವರನ್ನೇ ಓಡಿಸಿದವನೆಂಬ ಹೆಸರು ನನಗೆ ಬೇಡ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ದೀಪಾವಳಿಗೆ ಮೊದಲು ನಮ್ಮೂರಿನಲ್ಲೇ ಬಹಿರಂಗ ವಿಚಾರಣೆ ಇಡಿ, ದೂರುದಾರನನ್ನೇ ಮೊದಲು ಕೇಳಿ, ಬೀಗ ತೆಗೆಯಿರಿ. ಅದು ಆಗದಿದ್ದರೆ ಆದೇಶದಿಂದ ನನ್ನ ಹೆಸರು ಹೊಡೆದುಹಾಕಿ, ಆ ಜಾಗದಲ್ಲಿ ಬೀಗ ಬೇಕಾಗಿದ್ದವರ ಹೆಸರು ಬರೆಯಿರಿ. ಅದು ತಮ್ಮದೇ ಆಗಿದ್ದರೆ ಇನ್ನೂ ಸುಲಭ, ಕೆಳಗೆ ಹೇಗೂ ತಮ್ಮ ರುಜು ಇದೆ.

ಇಂತಿ,
ತಮ್ಮ ಆದೇಶ ಓದಿದ ಮೇಲಷ್ಟೇ ನಿಜವಾಗಿ ನೊಂದ,
ಅನಂತರಾಜು
ಅಕ್ಕೂರು ಪಕ್ಕ, ಚನ್ನಪಟ್ಟಣ ತಾಲ್ಲೂಕು