ಸಡಿಲವಾದದ್ದು ಕಂಬಿ, ನಿಲ್ಲಿಸಿದ್ದು ನನ್ನ ಗಂಡನನ್ನು

ಮಾನ್ಯರೇ,

ಬೆಟ್ಟದ ಬುಡದಲ್ಲಿದ್ದ ಹಳೆಯ ಫಲಕವನ್ನು ಕಿತ್ತು ಹೊಸದನ್ನು ನೆಟ್ಟಿದ್ದೀರಿ. 'ಸುಲಭದ ಹಾದಿ, ಮೊದಲ ಸಲ ಹತ್ತುವವರಿಗೂ ಸರಿ' ಎಂದಿದ್ದ ಜಾಗದಲ್ಲಿ ಈಗ 'ಅರವತ್ತು ದಾಟಿದವರಿಗೆ ಪ್ರವೇಶವಿಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದೀರಿ. ಇದರಿಂದ ಊರಿಗೆ ಏನು ಲಾಭವಾಯಿತೋ ನನಗೆ ತಿಳಿಯದು. ನನ್ನ ಮನೆಯಲ್ಲಿ ಆದದ್ದು ಇಷ್ಟು: ನನ್ನ ಗಂಡ ಮತ್ತೆ ಕುರ್ಚಿ ಹಿಡಿದಿದ್ದಾರೆ. ಬೆಟ್ಟದ ಹಾದಿಗಳ ಉಸ್ತುವಾರಿ ತಮ್ಮದಾದ್ದರಿಂದ ಅವರನ್ನು ಆ ಕುರ್ಚಿಯಿಂದ ಎಬ್ಬಿಸುವ ಹೊಣೆಯೂ ತಮ್ಮದೇ ಎಂದು ನಾನು ತೀರ್ಮಾನಿಸಿದ್ದೇನೆ. ತಮ್ಮ ಕಚೇರಿಗೆ ಬರೆದರೆ ಕಡತ ಸೇರುತ್ತದೆ ಎಂಬ ಭಯದಿಂದ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಲಿಫ್ಟ್ ಮೆಕ್ಯಾನಿಕ್. ಈ ಊರಿನ ಎತ್ತರದ ಕಟ್ಟಡಗಳಲ್ಲಿ ಜನ ಒಂದು ಗುಂಡಿ ಒತ್ತಿ, ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ ಮೇಲೆ ಹೋಗುತ್ತಾರಲ್ಲ, ಅವರನ್ನೆಲ್ಲ ಮೇಲೆ ಕಳಿಸಿದವರು ಇವರು. ತಾವು ಮಾತ್ರ ದುಡಿದ ಕಾಲವನ್ನೆಲ್ಲ ಲಿಫ್ಟ್ ಓಡಾಡುವ ಕಿಟಕಿಯಿಲ್ಲದ ಕತ್ತಲ ಬಾವಿಯೊಳಗೆ, ಹಗ್ಗ ಮತ್ತು ಗ್ರೀಸಿನ ನಡುವೆ ಕಳೆದರು. ನಿವೃತ್ತರಾದ ಮಾರನೆಯ ದಿನ ಒಂದು ಕುರ್ಚಿ ತಂದು ನಾನು ಹೊಲಿಯುವ ಕೋಣೆಯ ಕಿಟಕಿಗೆ ಅಡ್ಡ ಹಾಕಿಕೊಂಡು ಕೂತರು. ನಾನು ಮನೆಮನೆಗೆ ಪರದೆ ಹೊಲಿದು ಕೊಡುವವಳು, ನನ್ನ ಮಿಷನ್‌ಗೆ ಬೆಳಕು ಬರುವುದು ಅದೊಂದೇ ಕಿಟಕಿಯಿಂದ. "ರೀ, ಸ್ವಲ್ಪ ಸರೀರಿ, ದಾರ ಕಾಣ್ತಿಲ್ಲ" ಅಂದರೆ ಕುರ್ಚಿ ಸಮೇತ ಅಂಗೈ ಅಗಲ ಸರಿಯುತ್ತಿದ್ದರು. ಅದು ಬಿಟ್ಟರೆ ಮಾತಿಲ್ಲ, ಕತೆಯಿಲ್ಲ. ಜಗಳಕ್ಕಾದರೂ ಬರಲಿ ಎಂದು ಉಪ್ಪಿಲ್ಲದ ಅಡುಗೆ ಬಡಿಸಿದೆ. ಅದನ್ನೂ ಉಂಡು ಎದ್ದರು. ಆ ದಿನ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಆಗ ಬಂದವಳು ನನ್ನ ನಾದಿನಿ. ಅವಳು ಹಲ್ಲಿನ ಡಾಕ್ಟರ ಬಳಿ ಮುಂದಿನ ಮೇಜಿನಲ್ಲಿ ಕೂರುವವಳು. ಬಂದವರಿಗೆಲ್ಲ "ಏನೂ ನೋವಾಗಲ್ಲ, ಒಳಗೆ ಹೋಗಿ" ಎಂದು ಹೇಳಿ ಹೇಳಿ ಆ ಮಾತು ಅವಳ ಬಾಯಿಗೆ ಅಂಟಿಬಿಟ್ಟಿದೆ.

"ಅಣ್ಣ, ಭಾನುವಾರ ಬೆಟ್ಟಕ್ಕೆ ಹೋಗೋಣ. ಏನೂ ನೋವಾಗಲ್ಲ."

"ಮನುಷ್ಯ ಮೇಲೆ ಹೋಗ್ಲಿ ಅಂತ ಲಿಫ್ಟ್ ಮಾಡಿಟ್ಟಿದೀವಿ. ಕಾಲಲ್ಲಿ ಯಾಕೆ ಹತ್ತಬೇಕು?"

"ಸುಲಭದ ಹಾದಿ ಅಂತ ಫಲಕ ಹಾಕಿದಾರಣ್ಣ. ಸರ್ಕಾರದವರು ಸುಳ್ಳು ಹೇಳ್ತಾರಾ?"

ಈ ಕೊನೆಯ ಮಾತಿಗೆ ಇವರು ಪಕ್ಕೆ ಹಿಡಿದುಕೊಂಡು ನಕ್ಕರು. ಮಾನ್ಯರೇ, ಎಷ್ಟೋ ತಿಂಗಳ ಮೇಲೆ ನನ್ನ ಮನೆಯಲ್ಲಿ ಕೇಳಿದ ಮೊದಲ ನಗು ಅದು, ಅದಕ್ಕೆ ಕಾರಣ ತಮ್ಮ ಇಲಾಖೆ. ಕೃತಜ್ಞತೆ ಹೇಳದಿದ್ದರೆ ತಪ್ಪಾಗುತ್ತದೆ.

ಸುಲಭ ಎಂದು ಬರೆಸಿದ ಪುಣ್ಯಾತ್ಮರ ಬಾಯಿಗೆ ಸಕ್ಕರೆ ಹಾಕಬೇಕು. ಮೊದಲ ತಿರುವಿಗೇ ನನ್ನ ಉಸಿರು ನನಗಿಂತ ಹಿಂದೆ ಬಿದ್ದಿತ್ತು. ಮದುವೆಮನೆಗೆಂದು ಕೊಂಡ ಚಪ್ಪಲಿ ಹಾಕಿಕೊಂಡು ಬಂದಿದ್ದಳು ನಾದಿನಿ, ಅದರ ಪಟ್ಟಿ ಅಲ್ಲೇ ಕಿತ್ತುಹೋಯಿತು. ನಾನು ಚೀಲದಿಂದ ದಬ್ಬಳ ತೆಗೆದು ಅದಕ್ಕೆ ಪರದೆಯ ದಾರದಲ್ಲಿ ಹೊಲಿಗೆ ಹಾಕುತ್ತ ಕೂತಾಗ, ಇವರು ಹಾದಿ ಪಕ್ಕದ ಕಂಬಿ ಹಿಡಿದು ನಿಂತು, ಗಂಟಲು ಸರಿಮಾಡಿಕೊಂಡು, ಲಿಫ್ಟಿನೊಳಗೆ ಒಬ್ಬ ಹೆಂಗಸಿನ ದನಿ ಬರುತ್ತದಲ್ಲ, ಥೇಟ್ ಅದೇ ದನಿಯಲ್ಲಿ "ಒಂದನೇ ಮಹಡಿ" ಎಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಾದಿನಿ ಏಳಲು ಹೋಗಿ ಮತ್ತೆ ಕುಸಿದಾಗ ಅವಳನ್ನೇ ನೋಡುತ್ತ "ಭಾರ ಹೆಚ್ಚಾಗಿದೆ, ದಯವಿಟ್ಟು ಒಬ್ಬರು ಇಳಿಯಿರಿ" ಎಂದರು. ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ನಗುತ್ತ ಹತ್ತಲಾಗದೆ, ಹತ್ತುತ್ತ ನಗಲಾಗದೆ, ಒಬ್ಬರನ್ನೊಬ್ಬರು ಹಿಡಿದು ನಿಂತೆವು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿಯರ ಗುಂಪಿಗೂ ಅದು ಅಂಟಿತು. ಪ್ರತಿ ತಿರುವಿನಲ್ಲೂ ಅವರು "ಅಂಕಲ್, ಇದು ಎಷ್ಟನೇ ಮಹಡಿ?" ಎನ್ನುವುದು, ಇವರು "ನಾಲ್ಕು, ಬಾಗಿಲಿಗೆ ಒರಗಬೇಡಿ" ಎನ್ನುವುದು. ಮನೆಯಲ್ಲಿ ಉಪ್ಪಿಲ್ಲ ಎಂದು ಹೇಳಲೂ ಬಾಯಿ ಬಿಡದಿದ್ದ ಮನುಷ್ಯ ಇವರೇನಾ ಎಂದು ನಾನು ಎರಡೆರಡು ಸಲ ತಿರುಗಿ ನೋಡಿದೆ.

ತುದಿಯಲ್ಲಿ ಬಂಡೆ ಹಠಾತ್ತನೆ ಮುಗಿಯುತ್ತದೆ, ಮುಂದೆ ಬರೀ ಗಾಳಿ, ಕೆಳಗೆ ನಮ್ಮ ಊರು. ಇವರು ಎರಡೂ ಕೈ ಅಗಲಿಸಿ "ಕೊನೆಯ ಮಹಡಿ, ಬಾಗಿಲು ತೆರೆಯುತ್ತಿದೆ" ಎಂದರು. ಆಮೇಲೆ ನನ್ನ ಮೊಣಕೈ ಹಿಡಿದು ತೋರಿಸತೊಡಗಿದರು. ಪ್ರತಿ ಎತ್ತರದ ಕಟ್ಟಡದ ನೆತ್ತಿಯ ಮೇಲೂ ಒಂದು ಪುಟ್ಟ ಕೋಣೆ ಇರುತ್ತದೆ, ಲಿಫ್ಟಿನ ಮೋಟಾರು ಇರುವ ಕೋಣೆ. "ನೋಡೇ ಇಲ್ಲಿ, ಅದು ಆಸ್ಪತ್ರೇದು. ಅದರ ಪಕ್ಕದ್ದು ಹೋಟೆಲ್ಲು. ಆ ಹಸಿರು ಬಾಗಿಲಿಂದು ಬ್ಯಾಂಕಿಂದು. ಎಲ್ಲಾ ನಾನು ಕೂತಿದ್ದ ಜಾಗಗಳೇ. ಒಳಗಿಂದ ಬಿಟ್ರೆ ಹೊರಗಿಂದ ಒಂದ್ಸಲನೂ ನೋಡಿರ್ಲಿಲ್ಲ ಕಣೇ." ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಿ ನಗುತ್ತಿತ್ತು. ನನಗೆ ಅವರನ್ನು ಅಲ್ಲೇ ಎತ್ತಿ ಮುದ್ದಾಡಬೇಕೆನಿಸಿತು, ಕಾಲೇಜು ಹುಡುಗಿಯರು ಇದ್ದರೆಂದು ಬಿಟ್ಟೆ.

ಇನ್ನು ಎಡವಟ್ಟಾದ ಕತೆ ಕೇಳಿ. ಲಿಫ್ಟಿನ ಕೆಲಸದವರಿಗೆ ಒಂದು ರೂಢಿಯಿದೆ. ಚೆನ್ನಾಗಿದೆ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮೆಚ್ಚಿದ ಯಂತ್ರ ಕಂಡರೆ ಅದರ ಹುಳುಕನ್ನೆಲ್ಲ ಹೆಕ್ಕಿ ಹೇಳುತ್ತಾರೆ. ಅದು ಇನ್ನೂ ಬಹಳ ಕಾಲ ಓಡಲಿ ಎಂಬ ಆಸೆ ಅಷ್ಟೇ. ಮದುವೆಯಾದ ಹೊಸದರಲ್ಲಿ ನನ್ನ ಅಡುಗೆಗೂ ಇದೇ ಮರ್ಯಾದೆ ಸಿಕ್ಕಿ, ನಾನು ತವರಿಗೆ ಹೊರಟು ನಿಂತಿದ್ದೆ. ಅಂದು ಬೆಟ್ಟ ಇಳಿದವರೇ ತಮ್ಮ ಇಲಾಖೆಯ ವಿಚಾರಣೆ ಕೌಂಟರಿನಲ್ಲಿದ್ದ ಹುಡುಗಿಯ ಮುಂದೆ ನಿಂತು, ಪ್ರೀತಿ ಉಕ್ಕಿ ಬಂದು, ಶುರುಮಾಡಿದರು. "ಎರಡನೇ ತಿರುವಲ್ಲಿ ಕಂಬಿ ಬೋಲ್ಟು ಸಡಿಲ ಆಗಿದೆಯಮ್ಮ. ಅದರ ಮೇಲಿನ ಮೆಟ್ಟಿಲು ಕಲ್ಲು ಅಲುಗಾಡ್ತದೆ. ನನ್ನ ಮಂಡಿನೂ ಕಟಕಟ ಅಂತಿದೆ, ಅದಕ್ಕೆ ನಾನೇ ಎಣ್ಣೆ ಹಾಕ್ಕೋತೀನಿ. ನೀವು ಕಂಬಿ ನೋಡಿ."

ಆ ಹುಡುಗಿ ತನ್ನ ಕರ್ತವ್ಯ ಮಾಡಿದಳು. ಮೇಲಿನವರಿಗೆ ತಿಳಿಸಿದಳು. ಮೇಲಿನವರಾದ ತಾವು ಏನು ಮಾಡಿದಿರಿ? 'ಹಿರಿಯ ನಾಗರಿಕರೊಬ್ಬರಿಗೆ ತೊಂದರೆಯಾಗಿದೆ' ಎಂದು ತಿಳಿದುಕೊಂಡು ಹಿರಿಯ ನಾಗರಿಕರನ್ನೇ ನಿಲ್ಲಿಸಿಬಿಟ್ಟಿರಿ. ಬೋಲ್ಟು ಇಂದಿಗೂ ಸಡಿಲವಾಗಿಯೇ ಇದೆ. ಮೊನ್ನೆ ಹತ್ತಿ ಬಂದ ನಾದಿನಿ ಅಲ್ಲಾಡಿಸಿ ನೋಡಿಯೇ ಬಂದಿದ್ದಾಳೆ. ತಮ್ಮ ಲೆಕ್ಕದಲ್ಲಿ ಸಡಿಲವಾದ ಕಂಬಿ ಐವತ್ತೊಂಬತ್ತು ವರ್ಷದವರ ಭಾರವನ್ನು ಗೌರವದಿಂದ ತಾಳಿಕೊಂಡು, ಅರವತ್ತಾದವರನ್ನು ಕಂಡೊಡನೆ ಕೈಬಿಡುತ್ತದೆಯೇ? ಅಲುಗಾಡುವ ಕಲ್ಲು ಕಾಲಿಡುವವರ ಜನ್ಮದಿನ ಕೇಳುತ್ತದೆಯೇ? ಒಂದು ಸ್ಪ್ಯಾನರ್ ಹಿಡಿದು ಎರಡು ಸುತ್ತು ತಿರುಗಿಸುವ ಕೆಲಸಕ್ಕೆ ಫಲಕ, ಬಣ್ಣ, ಬರೆಯುವವನು, ನೆಡುವವನು, ಅದರ ಪಕ್ಕ ಕಾಯಲು ಒಬ್ಬ ಕಾವಲುಗಾರ! ಲಿಫ್ಟ್ ಕೆಟ್ಟರೆ ಲಿಫ್ಟ್ ರಿಪೇರಿ ಮಾಡಬೇಕೋ, ಮಹಡಿಯ ಮೇಲಿನವರಿಂದ ಮನೆ ಖಾಲಿ ಮಾಡಿಸಬೇಕೋ? ತಮ್ಮಂಥವರು ಲಿಫ್ಟ್ ಕಂಪನಿಯಲ್ಲಿ ಇದ್ದಿದ್ದರೆ ಈ ಊರಿನಲ್ಲಿ ಇಂದಿಗೂ ಎಲ್ಲರೂ ನೆಲಮಹಡಿಯಲ್ಲೇ ವಾಸ ಮಾಡುತ್ತಿದ್ದೆವು.

ಎರಡನೆಯ ಭಾನುವಾರ ನಾವು ಮತ್ತೆ ಹೋದೆವು. ಇವರು ಹಿಂದಿನ ದಿನವೇ ಬೂಟಿಗೆ ಪಾಲಿಷ್ ಹಾಕಿ, ದಾರಿಯುದ್ದಕ್ಕೂ ಮಾತಾಡಿ, ಬಸ್ಸಿನ ಕಂಡಕ್ಟರಿಗೂ ಮಹಡಿಯ ಕತೆ ಹೇಳಿದ್ದರು. ಬುಡದಲ್ಲಿ ಹೊಸ ಫಲಕ. ಕಾವಲುಗಾರ ಒಳ್ಳೆಯವನೇ. "ಯಜಮಾನ್ರೇ, ನನಗೂ ಬೇಜಾರೇ. ಆದ್ರೆ ಮೇಲಿಂದ ಆರ್ಡರ್ ಇದೆ" ಎಂದ. ಇವರು ವಾದ ಮಾಡಲಿಲ್ಲ. ಆರ್ಡರ್ ಎಂದರೆ ಆರ್ಡರ್ ಎಂದು ಬದುಕಿದ ಮನುಷ್ಯ. ಫಲಕವನ್ನು ಇನ್ನೊಂದು ಸಲ ಓದಿ, ಬೂಟಿನ ಧೂಳು ಕೊಡವಿ, "ನಡಿ, ನಿನಗೆ ಹೊಲಿಯೋದಿದೆಯಲ್ಲ" ಎಂದರು. ಮನೆಗೆ ಬಂದು ಕಿಟಕಿಯ ಮುಂದೆ ಕೂತವರು ಇನ್ನೂ ಎದ್ದಿಲ್ಲ. ಈ ಪತ್ರವನ್ನು ಅವರ ನೆರಳಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಿ.

ಆದ್ದರಿಂದ ನನ್ನ ಬೇಡಿಕೆ. ಕೆಂಪಕ್ಷರದ ಫಲಕ ಕೀಳಿಸಿ. ಸುಲಭ ಎಂಬ ಆ ಹಳೆಯ, ಚಂದದ, ದೊಡ್ಡ ಸುಳ್ಳನ್ನು ಮತ್ತೆ ಅಲ್ಲೇ ನೆಡಿಸಿ. ಅದನ್ನು ನಂಬಿಯೇ ನಾವು ಹೊರಟದ್ದು, ಇನ್ನೂ ಎಷ್ಟೋ ಮನೆಗಳಲ್ಲಿ ಎಷ್ಟೋ ಕುರ್ಚಿಗಳು ಅದಕ್ಕಾಗಿ ಕಾಯುತ್ತಿವೆ. ಬೋಲ್ಟನ್ನೂ ಬಿಗಿ ಮಾಡಿಸಿ. ನನಗೆ ಅರವತ್ತಾಗಲು ಇನ್ನೂ ಕಾಲವಿದೆ. ತಮ್ಮ ನಿಯಮದ ಪ್ರಕಾರ ನಾನೊಬ್ಬಳೇ ರಾಜಾರೋಷವಾಗಿ ಹತ್ತಬಹುದು, ಇವರು ಕೆಳಗೆ ನನ್ನ ಚೀಲ ಹಿಡಿದು ಕೂತಿರಬಹುದು. ಆದರೆ ಸ್ವಾಮಿ, ಆ ತುದಿಯಲ್ಲಿ ನಿಂತರೆ ನನಗೆ ಕಾಣುವುದು ಬರೀ ಕಟ್ಟಡಗಳು. ಯಾವ ಕೋಣೆ ಯಾವುದೆಂದು ನನ್ನ ಮೊಣಕೈ ಹಿಡಿದು ತೋರಿಸುವವರು ಇಲ್ಲದೆ ನಾನು ಅಲ್ಲಿ ಏನು ನೋಡಲಿ?

ಇಂತಿ,
ಕಾಯಿದೆಯ ಪ್ರಕಾರ ಹತ್ತಬಹುದಾದರೂ ಕೆಳಗೇ ಉಳಿದಿರುವ,
ಪರದೆ ಹೊಲಿಯುವವಳು