ಬಕ್ ಲ್ಯಾಸಿಟರ್ ಮೂರನೆಯ ಸಲ

ಜನವರಿ 9, 1984, ಸೋಮವಾರ. ಮಧ್ಯಾಹ್ನ

ಪಟ್ಟೆ ಅಂಗಿಗೆ ಇಸ್ತ್ರಿ ಆಯಿತು. ಬೋ ಟೈ ಸಿಗಲಿಲ್ಲ — ನಡೀನ್ ಹುಡುಕಿ ಕೊಟ್ಟಳು, ಎರಡು ಮಾತು ಸೇರಿಸಿಯೇ ಕೊಟ್ಟಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಹಕ್ಕಿದೆ.

ಹೋದ ಸೋಮವಾರ ಜಾಕ್ಸನ್‌ನಲ್ಲಿ ಚರ್ಚಿನಿಂದ ಮಡಚುವ ಕುರ್ಚಿ ತರಿಸಬೇಕಾಯಿತು. ಅಷ್ಟು ಜನ. ನಮ್ಮ ಕುಸ್ತಿಯಲ್ಲಿ ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂದು ಮೊದಲೇ ಬರೆದಿಡುವ ಬುಕರ್ ಕೆಲಸವನ್ನು ಏಳು ತಿಂಗಳಿಂದ ಮಾಡುತ್ತಿರುವವನು ನಾನು. ಹೆಸರಿಗೆ ಬರೀ ರೆಫರಿ. ಹಳೆಯ ಬುಕರ್ ಬಕ್ ಲ್ಯಾಸಿಟರ್‌ನನ್ನು ಜೂನ್‌ನಲ್ಲಿ ಓಡಿಸಿದಾಗ ಕಂಪನಿಯ ಮಾಲೀಕ ಪ್ರೂಯಿಟ್, "ಸದ್ಯಕ್ಕೆ ನೀನೇ ನೋಡ್ಕೊ ವರ್ಜಿಲ್" ಅಂದಿದ್ದರು. ಆ ಸದ್ಯ ಇನ್ನೂ ಮುಗಿದಿಲ್ಲ. ಹಾಲ್ ತುಂಬಿದ್ದಕ್ಕೆ ಅವರ ಬಾಯಿಂದ ಬಂದ ಮಾತು ಒಂದೇ: "ಪಾಪ್‌ಕಾರ್ನ್ ಅರ್ಧಕ್ಕೇ ಮುಗ್ದೋಯ್ತಂತಲ್ಲ."

ಒಂದು ಮಾತು ಮಾತ್ರ ಗಟ್ಟಿ ಮಾಡಿಕೊಂಡೆ. ಮಾರ್ಚ್ 17ರ ಟಿವಿ ಆಟದಲ್ಲಿ ಓಥಾ ರೇನಿಗೆ ಚಾಂಪಿಯನ್ ಬೆಲ್ಟ್. ಹದಿನೈದು ವರ್ಷದಿಂದ ಈ ಸುತ್ತಿನ ಊರುಗಳಲ್ಲಿ ಮೈ ಮುರಿದುಕೊಂಡಿದ್ದಾನೆ. ಜನ ಅವನನ್ನು ನೋಡಲೆಂದೇ ಬರುತ್ತಾರೆ. ಬೆಲ್ಟ್ ಒಮ್ಮೆಯೂ ಅವನ ಸೊಂಟಕ್ಕೆ ಬಂದಿಲ್ಲ. ಕಪ್ಪು ಮನುಷ್ಯ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಇನ್ನೂ ಟೈಮ್ ಬಂದಿಲ್ಲ" ಅನ್ನುತ್ತಾರೆ. ಪ್ರೂಯಿಟ್ ತಲೆಯಾಡಿಸಿದರು. ನಾನು ಓಥಾಗೆ ಹೇಳಿಬಿಟ್ಟೆ. ಪೋಸ್ಟರ್ ಅಚ್ಚಿಗೂ ಹೋಯಿತು.

ಜನವರಿ 24, ಮಂಗಳವಾರ

ಪ್ರೂಯಿಟ್ ಆಫೀಸಿಗೆ ಕರೆದರು. ಹೋದರೆ ನನ್ನ ಕುರ್ಚಿಯಲ್ಲಿ ಬಕ್. ಬೂಟುಗಾಲು ಮೇಜಿನ ಮೇಲೆ, ನಾನು ಬರೆದಿಟ್ಟ ಪಟ್ಟಿಯ ಮೇಲೆಯೇ.

ಬುಕರ್ ಆಗಿ ಮೂರನೆಯ ಸಲ. ಮೊದಲ ಸಲ ತನಗೆ ತಾನೇ ಬೆಲ್ಟ್ ಬರೆದುಕೊಂಡು ಹದಿನಾಲ್ಕು ತಿಂಗಳು ಬಿಚ್ಚಲಿಲ್ಲ. ಎರಡನೆಯ ಸಲ ಮುಖವಾಡದ ಹುಚ್ಚು — ನಾಲ್ಕು ಜನ ಮುಖವಾಡದವರು, ಅವರಲ್ಲೊಬ್ಬನ ಮುಖವಾಡವನ್ನು ಒಂದೇ ಊರಿನಲ್ಲಿ ಎರಡು ಸಲ ಕೀಳಿಸಿದ. ಎರಡನೆಯ ಸಲ ಕಿತ್ತಾಗ ಮುಂದಿನ ಸಾಲಿನ ಹೆಂಗಸು "ಇವನ ಮುಖ ಆಗ್ಲೇ ನೋಡಾಯ್ತಲ್ಲ" ಅಂದದ್ದು ರಿಂಗಿನೊಳಗೆ ನಿಂತ ನನಗೂ ಕೇಳಿಸಿತು. ಓಡಿಸಿದ ಮೇಲೆ ಅಲಬಾಮಾಗೆ ಹೋದ. ಅವನನ್ನು ಇಟ್ಟುಕೊಂಡ ಕಂಪನಿ ಐದೇ ತಿಂಗಳಲ್ಲಿ ಬಾಗಿಲು ಹಾಕಿತು.

"ಅಲಬಾಮಾದಲ್ಲಿ ಏನಾಯ್ತು ಬಕ್?" ಅಂದೆ.

"ಅಲ್ಲಿಯೋರಿಗೆ ಕುಸ್ತಿ ಅಂದ್ರೇನು ಅಂತ ಗೊತ್ತಿಲ್ಲ ಕಣಯ್ಯಾ."

"ಇಲ್ಲಿಯೋರಿಗೆ?"

"ಕಲಿಸ್ತೀನಿ ಬಿಡು."

ಪ್ರೂಯಿಟ್ ನಕ್ಕರು. ನಾನು ಬೂಟಿನ ಕೆಳಗಿಂದ ಪಟ್ಟಿಯನ್ನು ಎಳೆದುಕೊಂಡು ಬಂದೆ. ಸ್ವಲ್ಪ ಹರಿಯಿತು.

ಜನವರಿ 25

ಬರೆಯಲು ಮನಸ್ಸಿಲ್ಲ. ಹರಿದ ಪಟ್ಟಿಗೆ ಟೇಪ್ ಅಂಟಿಸಿದೆ. ಅಷ್ಟೇ.

ಫೆಬ್ರವರಿ 6, ಸೋಮವಾರ

ಬೆಲ್ಟ್ ಡ್ವೈಟ್‌ಗೆ ಹೋಯಿತು. ಡ್ವೈಟ್ ಯಾರು? ಬಕ್‌ನ ಅಕ್ಕನ ಮಗ. ಇಪ್ಪತ್ತಾರು ವರ್ಷ, ಹೊಂಬಣ್ಣದ ಕೂದಲು, ಬಾಯಲ್ಲಿ ಸದಾ ಚ್ಯೂಯಿಂಗ್ ಗಮ್. ರಿಂಗಿನಲ್ಲೂ.

ಓಥಾ ನನ್ನ ಕಾರಿನಲ್ಲಿ ಬಂದ. ಎಂದಿನಂತೆ ಎರಡು ಬೀದಿ ಆಚೆ ಹತ್ತಿ, ಹಾಲ್‌ಗೆ ಎರಡು ಬೀದಿ ಮೊದಲೇ ಇಳಿದ. ರೆಫರಿಯ ಕಾರಿನಲ್ಲಿ ಕುಸ್ತಿಯವನು ಕೂತದ್ದನ್ನು ಆಟ ನಿಜವೆಂದು ನಂಬಿದ ಜನ ನೋಡಿದರೆ ಕೆಲಸ ಕೆಟ್ಟಿತು.

"ನನ್ನ ಹದಿನೇಳನೇ ತಾರೀಖು ಇದೆಯೋ ಹೋಯ್ತೋ ಮಿಸ್ಟರ್ ವರ್ಜಿಲ್?" ಅಂದ. ಚುಚ್ಚುವಾಗ ಮಾತ್ರ ಮಿಸ್ಟರ್ ಸೇರಿಸುತ್ತಾನೆ.

"ಪೋಸ್ಟರ್ ಅಂಟಿಸಿ ಆಗಿದೆ. ಆಟ ಇದೆ."

"ಆಟ ಇದೆ ಅಂತ ಗೊತ್ತು. ಗೆಲ್ಲೋದು ಯಾರು ಅಂತ ಕೇಳ್ದೆ."

"ಮಾತು ಕೊಟ್ಟಿದೀನಿ ಕಣೋ."

"ಮಾತು ನಿಂದು. ಪೆನ್ನು ಅವನ ಹತ್ರ ಇದೆ." ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ, "ಮೊಣಕಾಲು ಹೋಗ್ತಿದೆ ವರ್ಜಿಲ್. ಇನ್ನೊಂದು ವರ್ಷ, ಹೆಚ್ಚಂದ್ರೆ ಎರಡು. ಅಮ್ಮ ಶನಿವಾರ ತಪ್ಪದೆ ಟಿವಿ ಮುಂದೆ ಕೂರ್ತಾಳೆ. ಒಂದ್ ಸಲ ನೋಡ್ಲಿ ಅಂತ, ಅಷ್ಟೇ."

ನಾಚಿಕೆಯಾಯಿತು, ಸಿಟ್ಟೂ ಬಂತು.

ಫೆಬ್ರವರಿ 15, ಬುಧವಾರ. ಊಟದ ನಂತರ

ಇವತ್ತು ಕೇಳಿಯೇಬಿಟ್ಟೆ. ಬಾರ್ಬೆಕ್ಯೂ ಅಂಗಡಿಯಲ್ಲಿ ಪ್ರೂಯಿಟ್ ಒಬ್ಬರೇ ಕೂತಿದ್ದರು, ಕೊರಳಿಗೆ ಕಾಗದದ ಕರವಸ್ತ್ರ ಸಿಕ್ಕಿಸಿಕೊಂಡು. ಎದುರು ಕೂತೆ.

"ಎರಡು ಸಲ ಮುಳುಗಿಸಿದೋನನ್ನ ಮತ್ತೆ ಯಾಕೆ ಕರೀತೀರಿ?"

"ಬಕ್‌ಗೆ ಅನುಭವ ಇದೆ."

"ಹಾಲ್ ಖಾಲಿ ಮಾಡೋ ಅನುಭವ. ನಾನು ತುಂಬಿಸಿ ಕೊಟ್ಟೆ."

ಅವರು ಮೂಳೆ ಕೆಳಗಿಟ್ಟರು. "ಅದೇ ತೊಂದ್ರೆ ವರ್ಜಿಲ್. ಎಪ್ಪತ್ತೊಂದರಲ್ಲಿ ನನ್ನ ಹತ್ರ ಒಬ್ಬ ಬುಕರ್ ಇದ್ದ, ಬಲು ಚುರುಕು. ವಾರ ವಾರ ಹಾಲ್ ತುಂಬ್ಸಿದ. ಆರು ತಿಂಗಳಿಗೆ ಅವನಿಗೆ ಅನ್ನಿಸ್ತು, ಇದೆಲ್ಲ ನನ್ನಿಂದ್ಲೇ ಅಂತ. ನನ್ನ ಹನ್ನೊಂದು ಹುಡುಗರನ್ನ ಕರ್ಕೊಂಡು ಬೀದಿಯಾಚೆ ತನ್ನದೇ ಕಂಪನಿ ತೆಗ್ದ. ಎರಡು ವರ್ಷ ನಾನು ಸರಿಯಾಗಿ ಉಂಡಿಲ್ಲ. ಬಕ್ ಹಾಗೆ ಮಾಡ್ತಾನಾ? ಯಾರು ಹೋಗ್ತಾರೆ ಅವನ ಹಿಂದೆ? ಎಲ್ಲಾ ಕಡೆ ಸೋತಿದಾನೆ, ನನ್ನ ಬಾಗಿಲು ಬಿಟ್ರೆ ಬೇರೆ ಬಾಗಿಲಿಲ್ಲ. ಹಾಲ್ ಖಾಲಿ ಹೊಡೆದ್ರೂ ಹಾಲ್ ನನ್ನದಾಗೇ ಇರುತ್ತೆ."

"ನಾನು ಹಾಗೆ ಮಾಡ್ತೀನಿ ಅಂತೀರಾ?"

"ಗೊತ್ತಿಲ್ಲಪ್ಪ. ನಿನ್ನ ಕಂಡ್ರೆ ನಂಗೆ ಭಯ ಆಗುತ್ತೆ."

ಅಂದರೆ ಸೋತರೂ ಕರೆಯುತ್ತಾರೆ ಅಂತಲ್ಲ, ಸೋತಿದ್ದಕ್ಕೇ ಕರೆಯುತ್ತಾರೆ. ದೇಶದಲ್ಲಿರುವ ಅಷ್ಟೂ ಕುಸ್ತಿ ಕಂಪನಿಗಳಲ್ಲಿ ಅದೇ ಹತ್ತು ಮುಖಗಳು ಯಾಕೆ ಸುತ್ತುತ್ತಿವೆ ಎಂಬುದು ಈ ಕಸುಬಿಗೆ ಬಂದ ಇಪ್ಪತ್ತೊಂದು ವರ್ಷಕ್ಕೆ ಇವತ್ತು ಅರ್ಥವಾಯಿತು. ಸ್ವಂತ ಕಂಪನಿ ಎನ್ನುವ ಯೋಚನೆ ನನ್ನ ತಲೆಯಲ್ಲಿ ಇರಲೇ ಇಲ್ಲ, ದೇವರಾಣೆ. ಈಗ ಅವರೇ ತುಂಬಿಸಿದರು.

ಮಾರ್ಚ್ 5, ಸೋಮವಾರ

ಜಾಕ್ಸನ್‌ನಲ್ಲಿ ಹಿಂದಿನ ಒಂಬತ್ತು ಸಾಲು ಖಾಲಿ. ಚರ್ಚಿನ ಕುರ್ಚಿಗಳು ಚರ್ಚಿಗೆ ಹೋದವು.

ಡ್ವೈಟ್ ಸೋಮಾರಿ. ಎರಡೂ ಭುಜ ನೆಲಕ್ಕಿದ್ದು ರೆಫರಿ ಮೂರು ಸಲ ನೆಲ ತಟ್ಟಿ ಎಣಿಸಿದರೆ ಸೋಲು. ಎರಡು ಎಣಿಸುವಷ್ಟರಲ್ಲಿ ಭುಜ ಎತ್ತಬೇಕು, ಇವನು ಎತ್ತುವುದಿಲ್ಲ. ನಾನೇ ಕೈಯನ್ನು ಗಾಳಿಯಲ್ಲಿ ತಡೆದು ಮೂರನೆಯ ಏಟನ್ನು ನಿಧಾನ ಮಾಡಿ ಇವನ ಮಾನ ಉಳಿಸುತ್ತಿದ್ದೇನೆ. ಜನ ಕಂಡುಹಿಡಿದು ನಕ್ಕರು. ಒಬ್ಬ ಮುದುಕ "ರೆಫರಿಗೆ ಕೀಲು ಹಿಡ್ಕೊಂಡಿದೆ, ಎಣ್ಣೆ ಬಿಡ್ರೋ" ಅಂದ.

ಆಟ ಮುಗಿದ ಮೇಲೆ ಬಕ್ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿದ. ಡ್ವೈಟ್‌ಗೆ ಒಂದು ಮಾತಿಲ್ಲ.

"ನಿನ್ನಿಂದ ನನ್ನ ಚಾಂಪಿಯನ್ ನಗೆಪಾಟಲಾದ. ಇನ್ಮೇಲೆ ಒಂದೇ ತಾಳ. ಒಂದು, ಎರಡು, ಮೂರು. ಕೆಳಗಿರೋನು ಯಾರೇ ಆಗ್ಲಿ, ಭುಜ ನೆಲಕ್ಕಿದ್ರೆ ಎಣಿಸು. ತಿಳೀತಾ?"

"ಯಾರೇ ಆದ್ರೂನಾ?"

"ಇಂಗ್ಲಿಷ್‌ನಲ್ಲೇ ಹೇಳ್ತಿದೀನಿ ತಾನೆ?"

"ತಿಳೀತು ಬಕ್," ಅಂದೆ. ಹದಿನಾಲ್ಕು ಜನ ಕೇಳಿಸಿಕೊಂಡರು.

ಮಾರ್ಚ್ 17, ಶನಿವಾರ. ಬೆಳಿಗ್ಗೆ 9:40, ಸ್ಟುಡಿಯೋ

ಆಟದ ಕೊನೆ ಹೇಗೆ ಎಂದು ಬಕ್ ಹೇಳಿದ. ಒಳ್ಳೆಯವರ ಪಾತ್ರದವರ ಕೋಣೆ ಒಂದು ಕಡೆ, ಕೆಟ್ಟವರ ಪಾತ್ರದವರ ಕೋಣೆ ಇನ್ನೊಂದು ಕಡೆ, ಎರಡಕ್ಕೂ ಸುದ್ದಿ ಒಯ್ಯುವವನು ರೆಫರಿ. ಓಥಾ ಎತ್ತಿ ಹಾಕುತ್ತಾನೆ, ಎರಡಕ್ಕೆ ಡ್ವೈಟ್ ಭುಜ ಎತ್ತುತ್ತಾನೆ, ಆಮೇಲೆ ಓಥಾನ ಕಣ್ಣಿಗೆ ಪುಡಿ ಎರಚಿ ಗೆಲ್ಲುತ್ತಾನೆ. ಸೋತ ಓಥಾ ಈ ಊರುಗಳನ್ನೇ ಬಿಡಬೇಕಂತೆ.

ಹೋಗಿ ಹೇಳಿದೆ. ಓಥಾ ಬೂಟಿನ ಲೇಸು ಕಟ್ಟುತ್ತಿದ್ದ.

"ನೀನೇ ಬಂದು ಹೇಳ್ಬೇಕಿತ್ತಾ?" ಅಂದ.

"ರೆಫರಿ ತಾನೆ ಹೇಳ್ಬೇಕು."

"ಹೌದು. ರೆಫರಿ." ತಲೆ ಎತ್ತಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು.

ಅದೇ ದಿನ. ಮಧ್ಯಾಹ್ನ 2:30, ಮನೆ

ಬನಿಯನ್‌ನಲ್ಲೇ ಬರೆಯಲು ಕೂತಿದ್ದೇನೆ.

ನೇರ ಪ್ರಸಾರ. ಹನ್ನೊಂದು ಐವತ್ತೆರಡು. ಓಥಾ ಡ್ವೈಟ್‌ನನ್ನು ಎತ್ತಿ ಹಾಕಿ ಮೇಲೆ ಬಿದ್ದ. ನಾನು ಮಂಡಿಯೂರಿದೆ. ಒಂದು. ಎರಡು. ಡ್ವೈಟ್ ಮಲಗಿದಲ್ಲಿಂದಲೇ ಕೆಂಪು ದೀಪ ಯಾವ ಕ್ಯಾಮೆರಾದ ಮೇಲಿದೆ ಎಂದು ನೋಡುತ್ತಿದ್ದ. ಗಮ್ ಅಗಿಯುತ್ತಿದ್ದ. ಎರಡು ಭುಜವೂ ನೆಲಕ್ಕಿತ್ತು.

ಮೂರು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಕೈ ತಡೆಯಬಹುದಿತ್ತು. ಫೆಬ್ರವರಿಯಿಡೀ ತಡೆಯುತ್ತಲೇ ಇದ್ದೆ. ಇವತ್ತು ತಡೆಯಲಿಲ್ಲ. ಬೇಕೆಂದೇ ತಡೆಯಲಿಲ್ಲ.

ಓಥಾ ನನ್ನ ಮುಖ ನೋಡಿದ. "ಏನೋ ಮಾಡ್ದೆ?"

"ಎಣಿಸ್ದೆ," ಅಂದೆ. ಅವನ ಕೈ ಎತ್ತಿ ಹಿಡಿದೆ. ಬೆಲ್ಟನ್ನು ನಾನೇ ಸೊಂಟಕ್ಕೆ ಸುತ್ತಿದೆ, ಬಕಲ್ ಹಾಕಲು ಮೂರು ಸಲ ಒದ್ದಾಡಿದೆ. ಸ್ಟುಡಿಯೋದಲ್ಲಿ ನೂರೋ ನೂರಿಪ್ಪತ್ತೋ ಜನ, ಕಿವಿ ಕಿತ್ತುಹೋಗುವಷ್ಟು ಕೂಗಿದರು. ಓಥಾ ಕ್ಯಾಮೆರಾಕ್ಕೆ ಒಂದೇ ಮಾತು ಹೇಳಿದ: "ಅಮ್ಮ, ನೋಡಿದ್ಯಾ?"

ಒಳಗೆ ಬಂದಾಗ ಬಕ್ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತ್ತು.

"ಮುಗೀತು ನಿಂದು. ಈ ದೇಶದಲ್ಲಿ ಯಾವ ರಿಂಗಿಗೂ ಕಾಲಿಡಲ್ಲ ನೀನು."

"ಯಾರೇ ಆಗ್ಲಿ ಎಣಿಸು ಅಂದಿದ್ದು ಯಾರು?" ಅದೇ ಹದಿನಾಲ್ಕು ಜನ ಬೂಟು ನೋಡುತ್ತಾ ನಿಂತರು. ಒಬ್ಬ ಕೆಮ್ಮಿದ.

ಪ್ರೂಯಿಟ್ ಬಾಗಿಲು ತೋರಿಸಿದರು. ಪಟ್ಟೆ ಅಂಗಿ ಅಲ್ಲೇ ಬಿಚ್ಚಿ ಕೊಟ್ಟು, ಬನಿಯನ್‌ನಲ್ಲೇ ಕಾರು ಓಡಿಸಿಕೊಂಡು ಬಂದೆ. ನಡೀನ್ ಟಿವಿಯಲ್ಲಿ ನೋಡಿದ್ದಳಂತೆ. "ಕೆಲಸ ಹೋಯ್ತಾ?" ಅಂದಳು. ಹೋಯಿತು ಅಂದೆ. "ಸರಿ, ಕೈ ತೊಳ್ಕೊ, ಊಟ ಮಾಡು" ಅಂದಳು.

ಮಾರ್ಚ್ 20, ಮಂಗಳವಾರ

ನಿನ್ನೆ ಜಾಕ್ಸನ್‌ನಲ್ಲಿ ಹಾಲ್ ಹೊರಗೂ ಸಾಲು ನಿಂತಿತ್ತಂತೆ, ಹೊಸ ಚಾಂಪಿಯನ್ ನೋಡಲು. ಬೆಲ್ಟ್ ಕಿತ್ತುಕೊಳ್ಳಲು ಪ್ರೂಯಿಟ್‌ಗೆ ಧೈರ್ಯ ಬಂದಿಲ್ಲ. ಬಕ್ ಮಾತ್ರ ಕುರ್ಚಿಯಲ್ಲೇ ಇದ್ದಾನೆ... ಇರಲಿ. ಕೊಟ್ಟ ಮಾತು ನಡೆಸಿದೆ.

ಜುಲೈ 30, ಸೋಮವಾರ

ನಾಲ್ಕು ತಿಂಗಳಿಂದ ಬರೆದಿರಲಿಲ್ಲ. ಪೇಂಟ್ ಅಂಗಡಿಯಲ್ಲಿ ಕೆಲಸ, ಏನಂತ ಬರೆಯುವುದು?

ಇವತ್ತು ಪ್ರೂಯಿಟ್ ಅಂಗಡಿಗೇ ಬಂದರು. ಬಕ್‌ನನ್ನು ಹೋದ ವಾರ ಓಡಿಸಿದರಂತೆ. ಓಥಾ ಇದ್ದರೂ ಹಾಲ್ ತುಂಬುತ್ತಿಲ್ಲ, ವಾರ ವಾರ ಅದೇ ಡ್ವೈಟ್ ಜೊತೆ ಆಡಿಸಿ ಆಡಿಸಿ ಜನಕ್ಕೆ ವಾಕರಿಕೆ ಬಂದಿದೆಯಂತೆ.

"ಕುರ್ಚಿ ನಿಂದು. ನಾಳೆನೇ ಬಾ."

"ನನ್ನ ಕಂಡ್ರೆ ಭಯ ಅಂದಿದ್ರಿ."

"ಆಗ ಇತ್ತು. ಈಗ್ಯಾಕೆ? ನಾಲ್ಕು ತಿಂಗಳಾಯ್ತು, ಒಬ್ರೂ ನಿನ್ನ ಕರೀಲಿಲ್ಲ. ಪೇಂಟ್ ಮಾರ್ತಿದೀಯ." ಬೈಗುಳದಂತೆ ಹೇಳಲಿಲ್ಲ, ನೆಮ್ಮದಿಯಿಂದಲೇ ಹೇಳಿದರು. ಈಗ ನಾನೂ ಸೋತವನ ಲೆಕ್ಕಕ್ಕೆ ಬಂದೆ, ನಂಬಬಹುದು ಎನ್ನುವ ಹಾಗೆ.

ಮೈ ಉರಿದುಹೋಯಿತು.

"ಯಾವ ಬಣ್ಣ ಕೊಡ್ಲಿ ಮಿಸ್ಟರ್ ಪ್ರೂಯಿಟ್?" ಅಂದೆ. ಎರಡು ಸಲ ಕೇಳಿದೆ. ಹೋದರು. ಕಾರು ತಿರುವು ದಾಟುವ ಮೊದಲೇ ಓಥಾಗೆ ಫೋನ್ ಮಾಡಿದೆ.

ಆಗಸ್ಟ್ 21

ಓಥಾ ಪ್ರೂಯಿಟ್ ಕಂಪನಿ ಬಿಟ್ಟುಬಂದ. ಹೋಗುವವನು ಸೋತು ಹೋಗಬೇಕು, ನಮ್ಮಲ್ಲಿ ಅದು ಪದ್ಧತಿ. ಡ್ವೈಟ್ ಕೆಳಗೆ ಬೆನ್ನು ಹಾಕಿ ಮಲಗಿ, ಬೆಲ್ಟನ್ನು ಮರ್ಯಾದೆಯಿಂದ ಒಪ್ಪಿಸಿಯೇ ಬಂದ. ನಮ್ಮ ಹೊಸ ಬೆಲ್ಟನ್ನು ಕುದುರೆ ಜೀನು ಹೊಲಿಯುವವನು ಮಾಡಿಕೊಡುತ್ತಿದ್ದಾನೆ. ಹೊಸ ಕಂಪನಿ ಇಬ್ಬರದೂ. ಬರೆಯುವುದು ನಾನು, ಗೆಲ್ಲುವುದು ಅವನು. ಪ್ರೂಯಿಟ್ ಊರಲ್ಲೆಲ್ಲಾ "ನಾನು ಮೊದ್ಲೇ ಹೇಳಿರ್ಲಿಲ್ವಾ" ಅನ್ನುತ್ತಿದ್ದಾರಂತೆ. ಅನ್ನಲಿ.

ಸೆಪ್ಟೆಂಬರ್ 15, ಶನಿವಾರ. ಬೆಳಿಗ್ಗೆ 11:20

ನಮ್ಮ ಕಂಪನಿಯ ಮೊದಲ ಆಟ. ಎರಡು ಗಂಟೆಗೆ. ಈಗಲೇ ಹೊರಗೆ ಜನ ಸೇರುತ್ತಿದ್ದಾರೆ, ಬಾಗಿಲ ಸಂದಿಯಿಂದ ನೋಡಿದೆ.

ಹಿಂದಿನ ಬಾಗಿಲು ಯಾರೋ ತಟ್ಟಿದರು. ಬಕ್ ಲ್ಯಾಸಿಟರ್. ಹ್ಯಾಟು ಕೈಯಲ್ಲಿ.

"ಬುಕರ್ ಯಾರಯ್ಯಾ ಇಲ್ಲಿ?"

"ನಾನೇ."

"ಮಾಲೀಕ?"

"ನಾನು, ಓಥಾ."

"ಮಾಲೀಕನೇ ಬುಕರ್ ಆದ್ರೆ ಆರು ತಿಂಗಳು ಬಾಳ್ತೀಯ, ಅಷ್ಟೇ. ಕೆಂಟಕಿಯಿಂದ ಫ್ಲಾರಿಡಾವರೆಗೆ ಯಾರ ನಂಬರ್ ಬೇಕು ಹೇಳು, ನನ್ನ ತಲೆಯಲ್ಲಿದೆ. ಇನ್ನೊಂದ್ ಮಾತು — ನಾನು ಇವತ್ತಿನವರೆಗೆ ಯಾರ ಕಂಪನಿನೂ ಕದ್ದಿಲ್ಲ. ಅದು ನೆನಪಿರ್ಲಿ."

"ಆಗಲ್ಲ ಬಕ್. ಹೋಗು," ಅಂದೆ. ಗಟ್ಟಿಯಾಗಿಯೇ ಅಂದೆ. ಚೀಟಿಯಲ್ಲಿ ಮೋಟೆಲ್ ನಂಬರ್ ಬರೆದು ಬಾಗಿಲಿಗೆ ಸಿಕ್ಕಿಸಿ ಹೋದ. ಓಥಾ ದೂರದಿಂದ ನೋಡುತ್ತಿದ್ದ. "ಅವನು ಒಳಗೆ ಬಂದ ದಿನ ನಾನು ಹೊರಗೆ," ಅಂದ. ಗೊತ್ತು ಅಂದೆ.

ಓಥಾ ಬೆಳಿಗ್ಗೆ ಒಬ್ಬನೇ ಟಿವಿ ಸ್ಟುಡಿಯೋಗೆ ಹೋಗಿಬಂದಿದ್ದಾನೆ. ನಮ್ಮ ಕುಸ್ತಿಗೆ ಟಿವಿಯಲ್ಲಿ ಅರ್ಧ ಗಂಟೆ ಕೊಡಲು ಒಪ್ಪಿಸಿದ್ದಾನೆ, ಒಳ್ಳೆಯ ಕೆಲಸವೇ. ನನಗೆ ಮೊದಲೇ ಹೇಳಬಹುದಿತ್ತು. ಹೊರಗೆ ನಿಂತವರೆಲ್ಲ ಓಥಾ ಓಥಾ ಎಂದೇ ಕೂಗುತ್ತಿದ್ದಾರೆ. ಕುಸ್ತಿಯವರೂ ಅವನ ಸುತ್ತಲೇ. ನಾಳೆ ಅವನಿಗೆ ಅನ್ನಿಸಿದರೆ, ಇದೆಲ್ಲ ತನ್ನಿಂದಲೇ ಅಂತ...

ಛೀ. ಯಾರ ಮಾತು ಬರೆಯುತ್ತಿದ್ದೇನೆ ನಾನು? ಪ್ರೂಯಿಟ್‌ನ ಎಂಜಲು. ನಾನು ಆ ಜಾತಿಯವನಲ್ಲ. ಆಗುವುದೂ ಇಲ್ಲ.

ಚೀಟಿ ಅಂಗಿಯ ಜೇಬಿನಲ್ಲಿದೆ. ಬಾಗಿಲಿನಿಂದ ಯಾವಾಗ ತೆಗೆದೆನೋ.

ಹರಿದೆ. ಎರಡು ತುಂಡು. ಪಕ್ಕಪಕ್ಕ ಇಟ್ಟರೆ ನಂಬರ್ ಇನ್ನೂ ಓದಬಹುದು. ಇನ್ನೂ ಸಣ್ಣಗೆ ಹರಿಯಬೇಕು, ಹರಿದಿಲ್ಲ.